ರೊಟ್ಟಿ ಮಷೀನಿನ ಮಾಲೀಕರು

ಹುಬ್ಬಳ್ಳಿಯ ವಕೀಲರಿಂದ ರಿಜಿಸ್ಟರ್ ಲಕೋಟೆ ಬಂದಾಗ ಮಹಾಂತಪ್ಪ ಊಟಕ್ಕೆ ಕೂತಿದ್ದ. ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಮೂವತ್ನಾಲ್ಕು ವರ್ಷ ದುಡಿದು ನಿವೃತ್ತನಾಗಿ ಐದು ವರ್ಷವಾದರೂ, ಮಿಲ್ಲಿನ ಸೈರನ್ ಕೂಗಿದ ಮೇಲೆಯೇ ತಾಟಿನ ಮುಂದೆ ಕೂರುವುದು ಅವನ ರೂಢಿ. ಕೈ ತೊಳೆಯುವಷ್ಟು ತಾಳ್ಮೆ ಇರಲಿಲ್ಲ. ಎಡಗೈಯಲ್ಲೇ ಲಕೋಟೆಯನ್ನು ಮೊಮ್ಮಗಳ ಕಡೆ ನೂಕಿದ.

“ಓದವಾ ಸ್ವಪ್ನಾ. ಕಳ್ಳರು ಒಪ್ಕೊಂಡಿರಬೇಕು.”

ಸ್ವಪ್ನಾ ಬಿ.ಕಾಂ. ಎರಡನೇ ವರ್ಷ. ಗ್ಯಾಸ್ ಬುಕ್ಕಿಂಗಿನಿಂದ ಹಿಡಿದು ರೊಟ್ಟಿ ಮಷೀನಿನ ಬಗ್ಗೆ ಕಾರವಾರದ ಗ್ರಾಹಕರ ಆಯೋಗಕ್ಕೆ ಕೊಟ್ಟ ದೂರಿನವರೆಗೆ ಆ ಮನೆಯ ಕಾಗದಪತ್ರವೆಲ್ಲ ಅವಳ ಪಾಲಿಗೆ ಬಿದ್ದಿತ್ತು. ಎರಡು ಪುಟ ಸರಸರ ಓದಿದಳು. ಮೂರನೆಯದಕ್ಕೆ ಬಂದಾಗ ಮುಖ ಸಣ್ಣದಾಯಿತು.

“ಒಪ್ಕೊಂಡಿಲ್ಲಜ್ಜಾ. ನಾವು ಗ್ರಾಹಕರ ಅಲ್ಲ ಅಂತ ಬರದಾರ.”

“ಅಂದ್ರ? ರೊಕ್ಕಾ ಕೊಟ್ಟ ತಂದವರು ಗ್ರಾಹಕರಲ್ಲದ ಮತ್ತೇನ ಬೀಗರ?”

“ವ್ಯಾಪಾರಕ್ಕ ತೊಗೊಂಡವರು ಗ್ರಾಹಕರ ಆಗೂದಿಲ್ಲಂತ. ಹೊಟ್ಟಿಪಾಡಿಗೆ, ತಾವ ಸ್ವಂತ ದುಡಿಯಾಕ ತೊಗೊಂಡಿದ್ರ ಅಷ್ಟ ಕೇಸ್ ನಿಲ್ಲತೈತಿ. ನಿಮ್ಮದು ಆಳು ಇಟ್ಟ ನಡಸೂ ಫ್ಯಾಕ್ಟರಿ, ಕೇಸ್ ವಜಾ ಮಾಡ್ರಿ ಅಂತ ಕೇಳ್ಯಾರ.”

“ಫ್ಯಾಕ್ಟರಿ ಅಂತ ಯಾಂವ ಹೇಳಿದ ಅವರಿಗೆ?”

ಸ್ವಪ್ನಾ ಕೊನೆಯ ಹಾಳೆಯನ್ನು ಅಜ್ಜನ ತಾಟಿನ ಪಕ್ಕಕ್ಕಿಟ್ಟಳು. ಅದು ಅವನೇ ಅಚ್ಚು ಹಾಕಿಸಿದ್ದ ಕರೆಯೋಲೆಯ ಝೆರಾಕ್ಸ್. ‘ಅನ್ನಪೂರ್ಣಾ ರೊಟ್ಟಿ ಉದ್ಯಮ. ಆಧುನಿಕ ಯಂತ್ರ, ನಾಲ್ವರು ನುರಿತ ಕೆಲಸಗಾರರು. ಮಾಲೀಕರು: ಶ್ರೀ ಮಹಾಂತಪ್ಪನವರು. ಬಂಧುಮಿತ್ರರು ಯಂತ್ರಪೂಜೆಗೆ ಬಂದು ಪ್ರಸಾದ ಸ್ವೀಕರಿಸಬೇಕು.’ ಅದರ ಕೆಳಗೆ, ಪೂಜೆಗೆ ಬಂದಿದ್ದ ಮಷೀನು ಮಾರಿದವನು ಅಂದು ತೆಗೆದುಕೊಂಡಿದ್ದ ಫೋಟೋ. ಓಣಿಯ ನಾಲ್ಕು ಹೆಂಗಸರು ತಲೆಗೆ ಬಿಳಿ ಟೊಪ್ಪಿಗೆ ಹಾಕಿಕೊಂಡು ಸಾಲಾಗಿ ನಿಂತಿದ್ದಾರೆ. ನಡುವೆ ಕುರ್ಚಿಯಲ್ಲಿ ಮಹಾಂತಪ್ಪ, ಒಂದು ಕೈ ಮಷೀನಿನ ಮೇಲೆ. ಸೊಸೆ ಅನ್ನಪೂರ್ಣಾಳ ಅರ್ಧ ಭುಜ ಮಾತ್ರ ಅಂಚಿನಲ್ಲಿ ಬಂದಿತ್ತು, ಅವಳು ಪ್ರಸಾದ ಹಂಚುವ ಗಡಿಬಿಡಿಯಲ್ಲಿದ್ದಳು.

“ಈ ಕಾರ್ಡ್ ಅವರ ಕೈಗೆ ಹೆಂಗ ಹೋತು?” ಎಂದ ಮಗ ಶಿವಯೋಗಿ. ಅವನು ಮಿಲ್ಲಿನಲ್ಲಿ ಗುತ್ತಿಗೆ ಕೆಲಸಗಾರ, ಆಗ ತಾನೆ ಬೆಳಗಿನ ಪಾಳಿ ಮುಗಿಸಿ ಬಂದಿದ್ದ.

“ನಾನ ಕೊಟ್ಟೇನಿ. ಮಷೀನ್ ಕೊಟ್ಟಾಂವನ್ನ ಪೂಜಿಗೆ ಕರೀದ ಇರಾಕ ಆಗತೈತೇನ? ಹುಬ್ಬಳ್ಳಿಗೆ ಹೋಗಿ ಕಾಯಿ, ಎಲಿ ಅಡಿಕಿ ಇಟ್ಟ ಕರದ ಬಂದೇನಿ.”

“ಭೇಷ್! ಕಳ್ಳಗ ನೀವ ಕೀಲಿಕೈ ಕೊಟ್ಟ ಬಂದೀರಿ.”

“ಬಾಯಿ ಬಿಟ್ರ ಬಣ್ಣಗೇಡು ಅಂತ ನಾ ಅವತ್ತ ಹೇಳಿದ್ದೆ,” ಎಂದಳು ಮಹಾಂತಪ್ಪನ ಹೆಂಡತಿ ಶಂಕ್ರೆವ್ವ. ಅವಳು ಹೇಳಿರಲಿಲ್ಲ. ಆ ದಿನ ಹೊಸ ಇಳಕಲ್ ಸೀರೆ ಉಟ್ಟು ಎಲ್ಲರಿಗಿಂತ ಮುಂದೆ ನಿಂತಿದ್ದಳು. ಅದನ್ನು ಈಗ ಯಾರೂ ನೆನಪಿಸಲಿಲ್ಲ.

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅನ್ನಪೂರ್ಣಾ ಬಾಗಿಲಿಗೆ ಬಂದು, ಹಿಟ್ಟಿನ ಕೈ ಸೆರಗಿಗೆ ತಾಗದಂತೆ ಹಿಡಿದು ಕೇಳಿದಳು:

“ಕೇಸ್ ಹೋದ್ರ ರೊಕ್ಕಾ ಹೋದಂಗ?”

“ಹೋದಂಗ,” ಎಂದಳು ಸ್ವಪ್ನಾ.

ಆ ಮಷೀನಿಗೆ ಒಂದು ಲಕ್ಷದ ಎಂಬತ್ತೈದು ಸಾವಿರ. ಅರ್ಧ ಮಹಾಂತಪ್ಪನ ನಿವೃತ್ತಿಯ ಹಣದಲ್ಲಿ ಉಳಿದದ್ದು, ಉಳಿದರ್ಧ ಅನ್ನಪೂರ್ಣಾಳ ತವರಿನ ಜೋಡಿ ಚಿನ್ನದ ಬಳೆ, ಪಾಟ್ಲಿ, ಮಾರಿ ಬಂದದ್ದು. ಅವಳು ಒಳಗೆ ಹೋದಳು. ಸಪ್ಪಳ ಮತ್ತೆ ಶುರುವಾಯಿತು.

ಮಷೀನು ತರುವ ಮಾತು ಎದ್ದದ್ದೇ ಅವಳ ಮಣಿಕಟ್ಟಿನಿಂದ. ದಿನಕ್ಕೆ ಮುನ್ನೂರು ರೊಟ್ಟಿ ಬಡಿದು ಮಾರುತ್ತಿದ್ದಳು. ಗಿರಾಕಿಗಳು ಪೇಟೆಯ ಎರಡು ಖಾನಾವಳಿ, ಸೂಪಾ ಡ್ಯಾಮಿಗೆ ಹೋಗುವ ರಸ್ತೆಯ ನಾಲ್ಕು ರೆಸಾರ್ಟು. ಶನಿವಾರ, ಭಾನುವಾರ ಹೊಳೆಯಲ್ಲಿ ದೋಣಿ ಆಡಲು ಬಂದ ಮಂದಿಗೆ ಜೋಳದ ರೊಟ್ಟಿಯೇ ಬೇಕು, ಆಗ ಐನೂರು. ಹೋದ ವರ್ಷ ಬಲಗೈ ಬಾತು ಬಳೆ ಏರದಂತಾದಾಗ ಡಾಕ್ಟರು ‘ಕೈಗೆ ವಿಶ್ರಾಂತಿ ಕೊಡ್ರಿ’ ಎಂದರು. ವಿಶ್ರಾಂತಿ ಎಂಬುದು ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಅವರು ಚೀಟಿಯಲ್ಲಿ ಬರೆದಿರಲಿಲ್ಲ. ಅದಕ್ಕೇ ಮಷೀನು.

ಮಾರಿದವನು ಚನಬಸಪ್ಪ. ಹುಬ್ಬಳ್ಳಿಯಲ್ಲಿ ಮಷೀನಿನ ಅಂಗಡಿ, ಮೂಲ ಬೈಲಹೊಂಗಲದ ಕಡೆಯ ಮಹಾಂತಪ್ಪನ ಊರಿನವನೇ. ‘ಅಣ್ಣಾ, ನಿಮಗ ಹಳೇದು ಕೊಡತೇನೇನು? ಪೆಟ್ಟಿಗಿ ಒಡೀದ ಮಾಲು’ ಎಂದಿದ್ದ. ಊರವನು ಎಂದ ಮೇಲೆ ಮಹಾಂತಪ್ಪ ಪೆಟ್ಟಿಗೆ ಎಲ್ಲಿದೆ ಎಂದು ಕೇಳಲಿಲ್ಲ. ಪೂಜೆಯಾಗಿ ಹತ್ತೊಂಬತ್ತನೆಯ ದಿನ ಮಷೀನು ಹಿಟ್ಟು ಕಚ್ಚಿಕೊಂಡು ನಿಂತುಬಿಟ್ಟಿತು. ಹಳಿಯಾಳದಿಂದ ಮೆಕ್ಯಾನಿಕ್ ಜ್ಯೋತಿಬಾ ಬಂದು ಹಿಂದಿನ ತಗಡು ಬಿಚ್ಚಿದ. ಹಸಿರು ಬಣ್ಣದ ಕೆಳಗೆ ನೀಲಿ ಬಣ್ಣ. ಮೋಟಾರಿನ ಪಟ್ಟಿಯಲ್ಲಿ ಆರು ವರ್ಷದ ಹಿಂದಿನ ಇಸವಿ. ಒಳಗಿನ ಮೂಲೆಯಲ್ಲಿ ಒಣಗಿದ ಕುಂಕುಮ, ನಾಲ್ಕು ಅಕ್ಕಿಕಾಳು.

“ಕಾಕಾ, ಹೆ ಜುನಂ ಆಹೆ. ಹಳೇ ಮಾಲ್ ಐತ್ರಿ. ಕಮೀತ್ ಕಮಿ ಅಂದ್ರೂ ಐದ ವರ್ಷ ಯಾರೋ ಓಡಿಸ್ಯಾರ,” ಎಂದ ಜ್ಯೋತಿಬಾ.

ಶಂಕ್ರೆವ್ವ ಬಗ್ಗಿ ಆ ಕುಂಕುಮ ನೋಡಿದಳು. “ಪೂಜಿ ಮಾಡಿದ ಮಷೀನ್ ಮಾರ್ಯಾರಂದ್ರ ಆ ಮನಿಯಾಕಿ ಎಷ್ಟ ಅತ್ತಾಳೋ,” ಎಂದಳು. ಸ್ವಪ್ನಾ ಎಲ್ಲದರ ಫೋಟೋ ತೆಗೆದಿಟ್ಟಳು. ಮಷೀನು ಹಳೆಯದೆಂದು ಜ್ಯೋತಿಬಾ ಬರೆದುಕೊಟ್ಟ. ಆದ್ದರಿಂದ ಮೋಸ ಸಾಬೀತು ಮಾಡುವುದು ಕಷ್ಟವಲ್ಲ ಎಂದೇ ಎಲ್ಲರೂ ತಿಳಿದಿದ್ದರು. ತಾವು ಬಡವರೆಂದು ಸಾಬೀತು ಮಾಡಬೇಕಾಗಿ ಬರುತ್ತದೆಂದು, ಅದಕ್ಕೆ ತಾವೇ ಅಚ್ಚು ಹಾಕಿಸಿದ ದೊಡ್ಡಸ್ತಿಕೆ ಅಡ್ಡ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಆ ವಾರವೆಲ್ಲ ಮನೆಯಲ್ಲಿ ಯಾರೂ ಒಂದು ಕಡೆ ಕೂರಲಿಲ್ಲ. ಮಹಾಂತಪ್ಪ ಅಂಗಳಕ್ಕೂ ಒಳಗೂ ತಿರುಗಿದ. ಗೋಡೆಗೆ ಒರಗಿಸಿದ ಮಷೀನಿನ ಮೇಲೆ ಶಂಕ್ರೆವ್ವ ಮೊದಲು ಹಳೇ ಚಾದರ ಹೊದಿಸಿದಳು, ಆಮೇಲೆ ಅದರ ಮೇಲೆ ಹಪ್ಪಳ ಒಣ ಹಾಕಿದಳು. ಸ್ವಪ್ನಾ ಹಳಿಯಾಳದಲ್ಲಿದ್ದ ಕೋರ್ಟಿನ ನಿವೃತ್ತ ಗುಮಾಸ್ತರೊಬ್ಬರ ಮನೆಗೆ ಎರಡು ಸಲ ಹೋಗಿಬಂದಳು. ಅವರು ಎರಡೇ ಮಾತು ಹೇಳಿದ್ದರು: ಮಷೀನನ್ನು ನಿಜವಾಗಿ ನಡೆಸುವವಳು ನಿಮ್ಮಮ್ಮ, ಅವಳನ್ನೂ ಎರಡನೇ ದೂರುದಾರಳನ್ನಾಗಿ ಸೇರಿಸಿದ್ದು ಒಳ್ಳೆಯದಾಯಿತು. ಆದರೆ ಫೋಟೋದಲ್ಲಿರುವ ಹೆಂಗಸರು ಕೂಲಿಯಾಳುಗಳಲ್ಲ ಎಂದು ಅವರ ಬಾಯಿಂದಲೇ ಬರಬೇಕು.

ಗುರುವಾರ ಚನಬಸಪ್ಪನ ಫೋನು ಬಂತು. ಮಹಾಂತಪ್ಪನಿಗಲ್ಲ, ಶಿವಯೋಗಿಗೆ.

“ನಲವತ್ತ ಸಾವಿರ ಕೊಡ್ತಾನಂತ. ಕೇಸ್ ಹಿಂದ ತೊಗೋರಿ ಅಂದ,” ಎಂದು ಶಿವಯೋಗಿ ರಾತ್ರಿಯೂಟಕ್ಕೆ ಕೂತಾಗ ಬಾಯಿಬಿಟ್ಟ. “ತೊಗೊಳ್ಳೂಣು ಅಂತೀನಿ ನಾ. ಕಾರವಾರಕ್ಕ ಅಡ್ಡಾಡಿ ಅಡ್ಡಾಡಿ ಚಪ್ಪಲಿ ಸವಸೂಕಿಂತ ಬೇಶಿ.”

“ಒಂದ ಲಕ್ಷದ ಎಂಬತ್ತೈದಕ್ಕ ನಲವತ್ತು?” ಮಹಾಂತಪ್ಪ ತುತ್ತು ಕೆಳಗಿಟ್ಟ. “ಭಿಕ್ಷಾ ಹಾಕ್ತಾನೇನ ಅಂವಾ?”

“ಕಾರ್ಡ್ ಹಾಕ್ಸಿ ಮಾಲಕ ಆಗುಮುಂದ ತಿಳೀಬೇಕಿತ್ತು.”

“ಹೆಸರ ಹಾಕ್ಸಿದ್ರ ನಿನ್ನ ಗಂಟೇನ ಹೋತು? ನಿನ್ನ ಹೆಸರ ಹಾಕ್ಸಾಕ ನಿನಗ ಒಂದ ಪರ್ಮನೆಂಟ್ ನೌಕರಿನಾದ್ರೂ ಐತೇನು?”

ಈ ಮಾತು ಆಡಬಾರದಿತ್ತು. ಹದಿಮೂರು ವರ್ಷದಿಂದ ಗುತ್ತಿಗೆಯಲ್ಲೇ ಇರುವ ಶಿವಯೋಗಿಗೆ ಅದು ನುಂಗಲಾರದ ತುತ್ತು. ಅವನು ತಾಟು ಸರಿಸಿ ಎದ್ದ. ಅನ್ನಪೂರ್ಣಾ ಅವನ ದಾರಿಗೆ ಅಡ್ಡ ನಿಂತಳು.

“ಉಂಡ ಹೋಗ್ರಿ. ನೀವ ಸಿಟ್ಟ ಮಾಡಿ ಬಿಟ್ಟ ರೊಟ್ಟಿನೂ ನಾನ ಬಡದದ್ದು.”

“ನಿಂದೇನ ಮಾತು? ನಲವತ್ತ ತೊಗೊಳ್ಳೂದೋ ಬ್ಯಾಡೋ?”

“ಬ್ಯಾಡ. ನನ್ನ ಪಾಟ್ಲಿ ಒಂದರ ರೊಕ್ಕಾ ಸೈತ ಅಲ್ಲ ಅದು.”

ಅವಳು ಮನೆಯ ದೊಡ್ಡ ಮಾತಿನಲ್ಲಿ ಬಾಯಿ ಹಾಕಿದ್ದು ಅಪರೂಪ. ಮಾವ ತನ್ನ ಪರವಾಗಿಯೇ ಹೇಳಿದಳೆಂದು ಬೀಗಿದ. ಅವಳು ಅವನ ಕಡೆ ನೋಡಲೂ ಇಲ್ಲ, ಅದನ್ನು ಅವನು ಗಮನಿಸಲಿಲ್ಲ.

ಇನ್ನು ನೀಲಕ್ಕನ ಮಾತು. ಎದುರು ಮನೆಯವಳು, ಫೋಟೋದಲ್ಲಿ ಟೊಪ್ಪಿಗೆ ಹಾಕಿದ ನಾಲ್ವರಲ್ಲಿ ಮೊದಲಿನವಳು. ಆ ಓಣಿಯಲ್ಲಿ ಹೆಂಗಸರದು ಮುಯ್ಯಿಯ ಲೆಕ್ಕ. ರೊಟ್ಟಿಗೆ ಹೆಚ್ಚಿನ ಗಿರಾಕಿ ಬಂದ ದಿನ ಅವರು ಬಂದು ಬಡಿದುಕೊಟ್ಟರೆ, ಅವರ ಮನೆಯ ಶಾವಿಗೆಗೋ ಬಾಣಂತನಕ್ಕೋ ಅನ್ನಪೂರ್ಣಾ ಹೋಗಿ ತೀರಿಸಬೇಕು. ಕೈಗೆ ಕೈ, ನಡುವೆ ಪೈಸೆಯ ಮಾತಿಲ್ಲ. ಸ್ವಪ್ನಾ ಕಾಗದ ಹಿಡಿದು ನೀಲಕ್ಕನ ಬಳಿ ಹೋದಾಗ ನೀಲಕ್ಕ ಕರೆಯೋಲೆಯ ಝೆರಾಕ್ಸನ್ನು ಮೊದಲ ಸಲ ಓದಿಸಿ ಕೇಳಿದಳು. ಪೂಜೆಯ ದಿನ ಅವಳು ಪ್ರಸಾದವನ್ನಷ್ಟೇ ತಿಂದಿದ್ದಳು.

“ಕೆಲಸಗಾರರು? ನಾವು ನಿಮ್ಮ ಮನಿ ಆಳೇನ?”

“ಅಲ್ಲ ಚಿಗವ್ವಾ, ಅದನ್ನ ಬರದ ಕೊಡ್ರಿ ಅಂತನ...”

“ಟೊಪ್ಪಿಗಿ ಹಾಕ್ಕೋರಿ, ಫೋಟೋ ಚೆಂದ ಬರತೈತಿ ಅಂದಾಂವ ನಿಮ್ಮಜ್ಜ. ನಾಕ ಊರಿಗೆ ನನ್ನ ಆಳು ಮಾಡಿ ಹಂಚ್ಯಾನ. ಅಂವನ ಬಂದ ಹೇಳ್ಲಿ, ಯಾರ ಆಳು ಯಾರು ಅಂತ.” ಮರುದಿನ ಮನೆಗೆ ಬೀಗ ಹಾಕಿ ಅವಳು ಸಾಂಬ್ರಾಣಿ ಎಂಬ ಊರಿನಲ್ಲಿದ್ದ ತಂಗಿಯ ಮನೆಗೆ ಹೋದಳು, ಅಲ್ಲಿ ಭತ್ತದ ಸುಗ್ಗಿ. ಉಳಿದ ಮೂವರು ‘ನೀಲಕ್ಕ ಹೇಳಿದಂಗ’ ಎಂದು ಕೈ ತೊಳೆದುಕೊಂಡರು.

ವಿಚಾರಣೆಗೆ ಇನ್ನು ಹನ್ನೆರಡು ದಿನ. ಶಂಕ್ರೆವ್ವ ಗಂಡನ ಮುಂದೆ ಚಹಾ ಇಟ್ಟು ಹೇಳಿದಳು:

“ಸಾಂಬ್ರಾಣಿಗೆ ಹೋಗ್ರಿ.”

“ನಾ? ಆಕಿ ಕಾಲ ಹಿಡೀಲೇನು?”

“ಹಿಡೀರಿ. ಸೊಸಿ ಕೈ ನೋಡೀರೇನ? ನಿನ್ನೆ ಕೊಡಾ ಎತ್ತಾಕ ಬರ್ಲಿಲ್ಲ ಆಕೀಗಿ. ಎಡಗೈಲೆ ತಂದಾಳ. ನಿಮಗ ಮಾನಾ ದೊಡ್ಡದು, ಆಕೀಗಿ ಕೈ ದೊಡ್ಡದು.”

ಮಹಾಂತಪ್ಪ ಹಳಿಯಾಳದ ಬಸ್ಸು ಹತ್ತಿ, ಅಲ್ಲಿ ಇಳಿದು ಮತ್ತೊಂದು ಹತ್ತಿ ಸಾಂಬ್ರಾಣಿಗೆ ಹೋದ. ಇಸ್ತ್ರಿ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಪೊಟ್ಟಣ. ನೀಲಕ್ಕ ಕಣದಲ್ಲಿ ಭತ್ತ ತೂರುತ್ತಿದ್ದಳು. ಕುಂದರ್ರಿ ಅನ್ನಲಿಲ್ಲ. ಸುತ್ತ ಏಳೆಂಟು ಹೆಂಗಸರು ಕೆಲಸ ನಿಲ್ಲಿಸಿ ನೋಡತೊಡಗಿದರು.

“ನೀಲವ್ವಾ, ತಪ್ಪಾತು.”

“ಏನ ತಪ್ಪಾತು?”

“ಅದ... ಕಾರ್ಡಿನಾಗ ಬರಸಿದ್ದು.”

“ಏನ ಬರಸೀರಿ ಹೇಳ್ರಲ್ಲ, ಇವರೂ ಕೇಳ್ಲಿ.”

ಅವಳು ಹೇಳಿಸದೆ ಬಿಡುವವಳಲ್ಲ. ಮಹಾಂತಪ್ಪ, ಮುಯ್ಯಿಗೆ ಬಂದವರನ್ನು ಆಳು ಎಂದು ಬರೆಸಿದೆ ಎಂದು ಏಳೆಂಟು ಹೆಂಗಸರ ಮುಂದೆ ಹೇಳಿದ. ಕಿವಿ ಕೆಂಪಾಗಿತ್ತು. ನೀಲಕ್ಕ ಮೊರ ಕೆಳಗಿಟ್ಟು ಬಾಳೆಹಣ್ಣು ತೆಗೆದುಕೊಂಡಳು.

“ಬರ್ತೇನಿ ಕಾರವಾರಕ್ಕ. ನಿಮ್ಮ ಸಲುವಾಗಿ ಅಲ್ಲ ಮತ್ತ. ಅನಪೂರ್ಣಿ ನನಗ ಎರಡ ದಿನದ ಶಾವಿಗಿ ಬಾಕಿ ಅದಾಳ, ಆಕಿ ಕೈ ನೆಟ್ಟಗಿರಬೇಕು.”

ಪ್ರಮಾಣಪತ್ರ ಬರೆಯುವ ಸಂಜೆ ಇನ್ನೊಂದು ಜಗಳ ಎದ್ದಿತು. ಸ್ವಪ್ನಾ ಅಮ್ಮನ ಹೆಸರಿನಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದಳು: ಹಿಟ್ಟು ನಾದುವವಳು ನಾನು, ಮಷೀನು ನಡೆಸುತ್ತಿದ್ದವಳು ನಾನು, ಇದರ ಹೊರತು ಮನೆಗೆ ನಂಬುವಂಥ ಆದಾಯವಿಲ್ಲ.

“ಅದರ ಮುಂದ ಒಂದ ಸಾಲ ಬರಿ,” ಎಂದ ಶಿವಯೋಗಿ. “‘ರೊಟ್ಟಿಯ ಹಣವೆಲ್ಲ ನನ್ನ ಕೈಯಲ್ಲೇ ಇರುತ್ತದೆ, ನಾನೇ ಮನೆ ನಡೆಸುತ್ತೇನೆ’ ಅಂತ. ಕೇಸ್ ಗಟ್ಟಿ ಆಗತೈತಿ.”

“ಹೌದ, ಬರಿ ಬರಿ,” ಎಂದ ಮಹಾಂತಪ್ಪನೂ. ಆ ತಿಂಗಳಲ್ಲಿ ಅಪ್ಪ ಮಗ ಒಪ್ಪಿದ ಮೊದಲ ಮಾತು ಅದು.

ಅನ್ನಪೂರ್ಣಾ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ತಲೆ ಎತ್ತಲಿಲ್ಲ. “ಅದನ್ನ ಬರೀಬ್ಯಾಡ ಸ್ವಪ್ನಾ.”

“ಯಾಕವಾ?”

“ಖರೇ ಅಲ್ಲ ಅದು. ರೊಕ್ಕಾ ನಿಮ್ಮಜ್ಜನ ಕಿಸೇದಾಗ ಇರತೈತಿ. ಹೋದ ವಾರ ಕೈಗೆ ಹಚ್ಚೂ ಮುಲಾಮಿಗೆ ಎಂಬತ್ತ ರೂಪಾಯಿ ಮೂರ ಸಲ ಕೇಳೇನಿ.”

“ಮರತಿದ್ದೆ ನಾನು,” ಎಂದ ಮಹಾಂತಪ್ಪ.

“ಮರತಿದ್ರಿ. ಅದಕ್ಕ ಅಂದೆ, ಖರೇ ಅಲ್ಲ ಅಂತ.”

“ಒಂದ ಸಾಲ ಸುಳ್ಳ ಬರದ್ರ ಆಕಾಶ ಹರದ ಬೀಳ್ತೈತೇನ?” ಶಿವಯೋಗಿ ರೇಗಿದ. “ಅಂವ ಹಳೇ ಮಷೀನಿಗೆ ಬಣ್ಣಾ ಬಡದ ಹೊಸದಂತ ಮಾರ್ಯಾನ. ಅಂಥವನ ಮುಂದ ಸತ್ಯಹರಿಶ್ಚಂದ್ರನ ಮಗಳಾಗಬೇಕೇನ ನೀ?”

“ನಾವೂ ಬಣ್ಣಾ ಬಡದ್ರ ಅಂವಗೂ ನಮಗೂ ಏನ ಫರಕ್ರಿ?”

ಸ್ವಪ್ನಾ ಆ ಸಾಲು ಬರೆಯಲಿಲ್ಲ. ಹಣ ಯಾರ ಕೈಯಲ್ಲಿ ಎಂಬ ಬಗ್ಗೆ ಒಂದಕ್ಷರವೂ ಇಲ್ಲದ ಪ್ರಮಾಣಪತ್ರಕ್ಕೆ ಅನ್ನಪೂರ್ಣಾ ಸಹಿ ಮಾಡಿದಳು. ಬಾತ ಬಲಗೈಯಲ್ಲಿ ಅಕ್ಷರ ಸೊಟ್ಟಗಾದವು. ಇಬ್ಬರು ಗಂಡಸರೂ ಆ ರಾತ್ರಿ ಮೊಸರನ್ನ ಬಿಟ್ಟು ಎದ್ದರು.

ವಿಚಾರಣೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಮಹಾಂತಪ್ಪ, ಅನ್ನಪೂರ್ಣಾ, ಸ್ವಪ್ನಾ, ನೀಲಕ್ಕ ಹೊರಟರು. ಶಿವಯೋಗಿಗೆ ಪಾಳಿ, ಒಂದು ದಿನ ಬಿಟ್ಟರೆ ಗುತ್ತಿಗೆದಾರ ಮತ್ತೊಬ್ಬನನ್ನು ಹಾಕಿಕೊಳ್ಳುತ್ತಾನೆ. ಜೊಯಿಡಾ ದಾಟಿ ಅಣಶಿ ಘಟ್ಟ ಇಳಿಯುವಾಗ ನೀಲಕ್ಕ ಕಿಟಕಿಯ ಕಂಬಿ ಹಿಡಿದು ಎರಡು ಸಲ ವಾಂತಿ ಮಾಡಿದಳು. ‘ಇದೂ ಮುಯ್ಯಿ ಲೆಕ್ಕಕ್ಕ ಬರತೈತಿ, ಬರದಿಟ್ಕೋ’ ಎಂದು ಅನ್ನಪೂರ್ಣಾಳಿಗೆ ಹೇಳಿ ಕಣ್ಣು ಮುಚ್ಚಿ ಕೂತಳು.

ಆಯೋಗದ ಪಡಸಾಲೆಯಲ್ಲಿ ಚನಬಸಪ್ಪ ಮೊದಲೇ ಬಂದು ನಿಂತಿದ್ದ. “ಅರಾಮ ಅದೀರೇನಣ್ಣಾ? ನಾಷ್ಟಾ ಆತೋ?” ಎಂದು ಕೈ ಮುಗಿದ. ಮಹಾಂತಪ್ಪನ ಕೈಯೂ ಅಭ್ಯಾಸಬಲದಿಂದ ಅರ್ಧ ಎದ್ದಿತು. ಸ್ವಪ್ನಾ ಅದನ್ನು ಹಿಡಿದು ಕೆಳಗಿಳಿಸಿದಳು.

ಅಧ್ಯಕ್ಷೆ ನಡುವಯಸ್ಸಿನ ಹೆಂಗಸು, ಕನ್ನಡಕ, ಕಡಿಮೆ ಮಾತು. ಚನಬಸಪ್ಪನ ವಕೀಲರು ಎರಡನೇ ದೂರುದಾರಳಾದ ಅನ್ನಪೂರ್ಣಾಳಿಗೆ ಕೆಲವು ಪ್ರಶ್ನೆ ಕೇಳಲು ಅನುಮತಿ ಪಡೆದರು. ಫೋಟೋ ಎತ್ತಿ ತೋರಿಸಿದರು.

“ಟೊಪ್ಪಿಗೆ ಹಾಕಿದ ಈ ನಾಲ್ವರು ನಿಮ್ಮ ಕೆಲಸಗಾರರಲ್ಲವೇ?”

“ಅಲ್ರಿ. ಮುಯ್ಯಿಗೆ ಬರೂ ಮಂದಿ.”

“ಸಂಬಳ ಎಷ್ಟು ಕೊಡುತ್ತೀರಿ?”

ಹಿಂದೆ ಕೂತಿದ್ದ ನೀಲಕ್ಕನಿಗೆ ತಡೆಯಲಾಗಲಿಲ್ಲ. “ಸಂಬಳಾ ಎಲ್ಲೀದ್ರೀ? ಆಕಿನ ನನಗ ಎರಡ ದಿನದ ಶಾವಿಗಿ ಕೊಡಬೇಕು!” ಅಧ್ಯಕ್ಷೆ ಅವಳನ್ನು ಮುಂದೆ ಕರೆದು, ಮುಯ್ಯಿಯ ಲೆಕ್ಕವನ್ನು ಪೂರ್ತಿ ಕೇಳಿ ಬರೆಸಿಕೊಂಡರು. ಸ್ವಪ್ನಾಳಿಗೆ ಉಸಿರು ಬಂತು. ಆದರೆ ವಕೀಲರು ಮುಗಿಸಿರಲಿಲ್ಲ.

“ಸರಿ. ರೊಟ್ಟಿ ಮಾರಿದ ಹಣ ಯಾರ ಕೈಗೆ ಹೋಗುತ್ತದೆ?”

ಅನ್ನಪೂರ್ಣಾ ಒಮ್ಮೆ ಮಗಳ ಕಡೆ ನೋಡಿದಳು.

“ಮಾವನವರ ಕೈಗೆ.”

“ನಿಮಗೆ ಅದರಲ್ಲಿ ತಿಂಗಳಿಗೆ ಎಷ್ಟು?”

“ಇಲ್ರಿ. ಬೇಕಾದಾಗ ಕೇಳಿ ಇಸ್ಕೋತೇನಿ.”

“ಅಂದರೆ ಹಣ ಅವರದು, ಬಿಲ್ಲು ಅವರ ಹೆಸರಿನಲ್ಲಿ, ಕಾರ್ಡಿನಲ್ಲಿ ಮಾಲೀಕರೂ ಅವರೇ. ನೀವು ಅವರ ಕೈಕೆಳಗೆ ದುಡಿಯುವ ಆಳು. ಅಷ್ಟೇ ತಾನೇ?”

ಅವಳು ತಲೆ ತಗ್ಗಿಸಿದಳು. ಆಮೇಲೆ ಹೇಳಿದಳು, “ನಾ ಇದ ನನ್ನ ಮನಿ ಅಂತ ತಿಳ್ಕೊಂಡಿದ್ದೆ. ಆಳೋ ಏನೋ, ಅದನ್ನ ಅವರನ್ನ ಕೇಳ್ರಿ.”

ಕೇಳುವ ಮೊದಲೇ ಮಹಾಂತಪ್ಪ ಎದ್ದು ನಿಂತಿದ್ದ. ನಿಲ್ಲಬಾರದು ಎಂದು ಸ್ವಪ್ನಾ ಅಂಗಿ ಜಗ್ಗಿದಳು. ಅವನು ಬಿಡಿಸಿಕೊಂಡ. ಮೂವತ್ನಾಲ್ಕು ವರ್ಷ ಮಿಲ್ಲಿನಲ್ಲಿ ಸಾಹೇಬರ ಮುಂದೆ ನಿಂತಂತೆಯೇ ಕೈ ಕಟ್ಟಿಕೊಂಡ.

“ಮೇಡಂರ, ಆ ಕಾರ್ಡಿನಾಗಿಂದು ಸುಳ್ಳು. ಬರಸಿದಾಂವ ನಾನ. ರಿಟೈರ್ ಆದ ಮ್ಯಾಲೆ ಪ್ಯಾಟ್ಯಾಗ ಮಂದಿ ಕೇಳ್ತಿದ್ರು, ಮಹಾಂತಪ್ಪಾ, ಈಗ ಏನ ಮಾಡ್ತೀಯೋ ಅಂತ. ಸೊಸಿ ದುಡದದ್ದು ಉಣ್ಣಾಕತ್ತೇನಿ ಅಂತ ಹೇಳಾಕ ನಾಚಿಕಿ ಬಂತು. ಮಾಲಕ ಅಂತ ಹಾಕ್ಸಿದೆ. ಆ ಮಷೀನಿನ ಬಟನ್ ಎಲ್ಲಿ ಐತಿ ಅದೂ ನನಗ ಗೊತ್ತಿಲ್ರಿ. ಗಿರಾಕಿ ಕಡಿಂದ ರೊಕ್ಕಾ ಇಸ್ಕೊಳ್ಳೂದೊಂದ ಗೊತ್ತು. ಆಕಿ ಆಳಲ್ರಿ. ಆಕಿ ಕೈ ನಿಂತ ದಿನಾ ನಮ್ಮ ಮನ್ಯಾಗ ಒಲಿ ಹತ್ತೂದಿಲ್ಲ.”

“ಮನೆಯಲ್ಲಿ ಎಷ್ಟು ಜನ?” ಎಂದರು ಅಧ್ಯಕ್ಷೆ.

“ಐದ ಮಂದಿರಿ. ಐದೂ ಮಂದಿ ಆಕಿದ ಉಣ್ತೇವ್ರಿ.” ಅಷ್ಟು ಹೇಳಿ ಕೂರುವುದನ್ನು ಮರೆತು ನಿಂತೇ ಇದ್ದ. ಆಮೇಲೆ ನೆನಪಾದವನಂತೆ ಸೇರಿಸಿದ: “ರೊಕ್ಕಾ ಕೊಡಸೂದಾದ್ರ ಆಕಿ ಹೆಸರೀಲೆ ಕೊಡಸ್ರಿ.”

ಅನ್ನಪೂರ್ಣಾ ತಲೆ ತಗ್ಗಿಸಿಯೇ ನಿಂತಿದ್ದಳು. ಹದಿನೆಂಟು ತುಂಬಿದ ಮಗಳಿದ್ದರೂ ಮಾವನ ಎದುರು ಕಣ್ಣೀರು ಒರೆಸಿಕೊಳ್ಳಲು ಅವಳಿಗೆ ಸಂಕೋಚ. ಸೆರಗಿನಿಂದ ಮೂಗು ಮಾತ್ರ ಒರೆಸಿಕೊಂಡಳು.

ಆದೇಶ ಬರಲು ಐದು ವಾರ ಹಿಡಿಯಿತು. ಆ ಐದು ವಾರ ಅಂಚೆಯವನ ಸೈಕಲ್ಲಿನ ಸಪ್ಪಳಕ್ಕೆ ಶಂಕ್ರೆವ್ವ ನೋಯುವ ಮೊಣಕಾಲಲ್ಲೇ ಬಾಗಿಲಿಗೆ ಓಡಿದಳು. ಶಿವಯೋಗಿ ‘ಕಾರವಾರದಾಗ ಎಲ್ಲಾ ಖರೇ ಒದರಿ ಬಂದೀರಿ, ನಲವತ್ತೂ ಹೋತು’ ಎಂದು ದಿನಕ್ಕೊಮ್ಮೆ ಹಾಡಿದ್ದೇ ಹಾಡಿದ. ಮಹಾಂತಪ್ಪ ಪ್ರತಿ ಶನಿವಾರ ರೆಸಾರ್ಟಿನ ಹಣ ತಂದು ಅಡಿಗೆಮನೆಯ ಹಿಟ್ಟಿನ ಡಬ್ಬಿಯ ಮೇಲೆ ಇಟ್ಟು ಹೋಗುತ್ತಿದ್ದ.

ಕೊನೆಗೆ ಆದೇಶ ಬಂತು. ಹಳೆಯ ಮಷೀನನ್ನು ಹೊಸದೆಂದು ಮಾರಿದ್ದು ಮೋಟಾರಿನ ಪಟ್ಟಿ, ಫೋಟೋ, ಮೆಕ್ಯಾನಿಕ್ಕನ ಹೇಳಿಕೆಯಿಂದ ಸಾಬೀತಾಗಿದೆ. ಒಂದೇ ಮನೆಯವರು ಹೊಟ್ಟೆಪಾಡಿಗೆ ಸ್ವತಃ ದುಡಿಯುವುದು, ನೆರೆಯವರು ಮುಯ್ಯಿಗೆ ಕೈಜೋಡಿಸುವುದು ವ್ಯಾಪಾರವಾಗುವುದಿಲ್ಲ. ಹಣ ಹಿರಿಯರ ಕೈಯಲ್ಲಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದ ಎರಡನೇ ದೂರುದಾರಳ ಮಾತು ನಂಬುವಂಥದ್ದು. ಅಂಗಡಿಯವರು ಮಷೀನು ವಾಪಸು ಒಯ್ದು ಪೂರ್ತಿ ಬೆಲೆಯನ್ನೂ ಮೇಲೆ ಇಪ್ಪತ್ತು ಸಾವಿರವನ್ನೂ ಅವಳಿಗೆ ಕೊಡತಕ್ಕದ್ದು. ಸ್ವಪ್ನಾ ಕೊನೆಯ ಸಾಲನ್ನು ಎರಡು ಸಲ ಓದಿದಳು. ಶಿವಯೋಗಿ ಮೂರನೇ ಸಲ ಓದಿಸಿದ.

ಚನಬಸಪ್ಪ ತಿಂಗಳು ಸತಾಯಿಸಿ, ಮತ್ತೆ ಆಯೋಗದ ನೋಟಿಸು ಹೋದ ಮೇಲೆ ಟೆಂಪೋ ಕಳಿಸಿ ಮಷೀನು ಒಯ್ದ. ಹಣ ಅನ್ನಪೂರ್ಣಾಳ ಹೊಸ ಬ್ಯಾಂಕ್ ಖಾತೆಗೆ ಬಂತು. ಆ ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಎಲ್ಲರಿಗೂ ಒಮ್ಮೆಲೇ ಮಾತು ಬಂದಿತ್ತು.

“ಈ ಸಲ ಬೆಳಗಾವಿಗೆ ಹೋಗೂಣು,” ಎಂದ ಶಿವಯೋಗಿ. “ಕಂಪನಿ ಮಷೀನ್, ಎರಡ ವರ್ಷ ಗ್ಯಾರಂಟಿ.”

“ಜ್ಯೋತಿಬಾನ್ನ ಕರ್ಕೊಂಡ ಹೋಗೂದು, ತಗಡ ಬಿಚ್ಚಿ ನೋಡಿನ ತರೂದು,” ಎಂದ ಮಹಾಂತಪ್ಪ. “ಪೂಜಿ ಸಣ್ಣದ ಮಾಡೂಣು.”

“ಕಾರ್ಡ್ ಬ್ಯಾಡ,” ಎಂದಳು ಶಂಕ್ರೆವ್ವ.

“ನಾಳೆ ರೆಸಾರ್ಟಿಂದು ಆರನೂರ ರೊಟ್ಟಿ ಐತಂತ,” ಎಂದು ಶಿವಯೋಗಿ ಹೇಳುವಾಗ ಅನ್ನಪೂರ್ಣಾ ಒಳಗಿನಿಂದ ಬಂದಳು. ಕೈ ತೊಳೆದು ಒರೆಸಿಕೊಂಡಿದ್ದಳು. ಎಲ್ಲರ ಊಟ ಮುಗಿಯುವವರೆಗೂ ಒಲೆಯ ಮುಂದಿರುವವಳು ಒಂದು ತಾಟು ಹಾಕಿಕೊಂಡು ಗಂಡನ ಪಕ್ಕದಲ್ಲಿ ಕೂತಳು.

“ನಾಳೆ ಇಲ್ಲ,” ಎಂದಳು. “ಹದಿನೈದ ದಿನಾ ರೊಟ್ಟಿ ಬಂದ್.”

“ಬಂದ್? ಗಿರಾಕಿ ಹೋಗ್ತಾರ!” ಎಂದ ಶಿವಯೋಗಿ.

“ಹೋದವರು ಬರ್ತಾರ. ಡಾಕ್ಟರ್ ಹೇಳಿ ಒಂದ ವರ್ಷದ ಮ್ಯಾಲಾತು. ಕೈ ನೆಟ್ಟಗಾದ ಮ್ಯಾಲೆ ಮಷೀನ್ ನೋಡಾಕ ನಾನ ಬರ್ತೇನಿ.”

“ಹಂಗಂದ್ರ ಹೆಂಗ? ಮನ್ಯಾಗ ಉಣ್ಣಾಕಾದ್ರೂ?”

“ಅನ್ನಾ ಮಾಡಾಕ ನಿಮಗೂ ಬರತೈತಿ. ಕುಕ್ಕರ್ ಐತಿ.” ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ತಾಟಿನಲ್ಲಿದ್ದುದನ್ನು ಸಾವಕಾಶ ಉಂಡು, ನೀರು ಕುಡಿದು, ಎದ್ದು ಒಳಕೋಣೆಗೆ ಹೋದಳು. ಚಾಪೆ ಹಾಸಿದ ಸಪ್ಪಳ ಕೇಳಿಸಿತು.

ಶಿವಯೋಗಿ ಅಪ್ಪನ ಕಡೆ ನೋಡಿದ. ಶಂಕ್ರೆವ್ವ ಗಂಡನ ಕಡೆ ನೋಡಿದಳು. ಏನಾದರೂ ಹೇಳುವುದಿದ್ದರೆ ಅವನೇ ಹೇಳಬೇಕಿತ್ತು. ಅಷ್ಟರಲ್ಲಿ ಮಹಾಂತಪ್ಪನ ಫೋನು ಹೊಡೆದುಕೊಂಡಿತು. ಸ್ಪೀಕರ್ ಆಫ್ ಮಾಡಲು ಬಾರದ ಫೋನು. ರೆಸಾರ್ಟಿನ ಮ್ಯಾನೇಜರನ ಧ್ವನಿ ಮನೆಯೆಲ್ಲ ಕೇಳಿತು.

“ಹಲೋ, ರೊಟ್ಟಿ ಮಾಲೀಕರಾ? ನಾಳೆ ಆರುನೂರು ಮರೀಬೇಡಿ ಸರ್.”

ಮಹಾಂತಪ್ಪ ಒಳಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದುಕೊಂಡು ಅಂಗಳಕ್ಕೆ ನಡೆದ.

“ನಾಳೆ ಇಲ್ರಿ. ಹದಿನೈದ ದಿನಾ ಇಲ್ಲ.”

“ಯಾಕೆ ಸರ್? ಮಾಲೀಕರಲ್ವಾ ನೀವು?”

“ಅಲ್ರೀ. ಮಾಲಕರು ಮಲಗ್ಯಾರ. ಎಬ್ಬಸಾಂವ ಅಲ್ಲ ನಾ,” ಎಂದ ಮಹಾಂತಪ್ಪ ದನಿ ಇಳಿಸಿ. “ನಾ ಅವರ ಮಾವ ಮಾತಾಡಾಕತ್ತೇನಿ.”